ಮಗನ ಸೇವೆ, ಮನೆಯ ವ್ರತ

ಫಿಲಿಪ್ಪೀನ್ಸಿನಲ್ಲಿ ಸೋಮವಾರ ಬೆಳಗ್ಗೆ ಎಂಟು ಗಂಟೆಯಾಗುವಾಗ ಅಮೆರಿಕದ ಯೂಟಾ ರಾಜ್ಯದಲ್ಲಿ, ಬೇಸಿಗೆಯ ತಿಂಗಳುಗಳಾದರೆ, ಭಾನುವಾರ ಸಂಜೆ ಆರು. ಮಗನನ್ನು ಆ ದ್ವೀಪಗಳಿಗೆ ಧರ್ಮಪ್ರಚಾರಕ್ಕೆ ಕಳುಹಿಸಿದ ಮನೆಯವರು ಆ ಹೊತ್ತಿಗೆ ಬೇರೆ ಕೆಲಸ ಇರಿಸಿಕೊಳ್ಳುವುದಿಲ್ಲ. ಬಿಳಿ ಅಂಗಿ, ಟೈ ಧರಿಸಿ, ಎದೆಗೆ ಕಪ್ಪು ನಾಮಫಲಕ ಸಿಕ್ಕಿಸಿಕೊಂಡು, ಒಬ್ಬ ಜೊತೆಗಾರನೊಡನೆ ಊರೂರು ತಿರುಗುವ ಹುಡುಗನಿಗೆ ಬಟ್ಟೆ ಒಗೆಯಲು, ಸಾಮಾನು ಕೊಳ್ಳಲು, ಮನೆಯವರೊಡನೆ ಮಾತನಾಡಲು ಸಿಗುವುದು ವಾರಕ್ಕೊಂದೇ ದಿನ. ಸಾಮಾನ್ಯವಾಗಿ ಅದು ಸೋಮವಾರ. ಕರೆ ಮಾಡಬೇಕಾದವನು ಅವನೇ. ಮನೆಯವರ ಪಾಲಿಗಿರುವುದು ಕಾಯುವ ಕೆಲಸ.

ಈ ಕುಟುಂಬಗಳು ಜನರು ಮಾರ್ಮನ್ ಎಂದು ಕರೆಯುವ ಕ್ರೈಸ್ತ ಪಂಗಡಕ್ಕೆ ಸೇರಿದವು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಪಂಥದ ಅನುಯಾಯಿಗಳು ಹಿಂಸೆ, ಗಡೀಪಾರುಗಳನ್ನು ಅನುಭವಿಸಿ 1847ರಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆಸಿದರು. ಇಂದು ಇವರ 70 ಸಾವಿರಕ್ಕೂ ಹೆಚ್ಚು ಮಂದಿ ಯುವಕ ಯುವತಿಯರು ಪ್ರಪಂಚದ ನಾನಾ ದೇಶಗಳಲ್ಲಿ ಸೇವೆಯಲ್ಲಿದ್ದಾರೆ. 1993ರಿಂದ ಬೆಂಗಳೂರು ಕೂಡ ಅವರ ಒಂದು ಕೇಂದ್ರ. ಮತಪ್ರಚಾರದ ಕುರಿತು ಓದುಗರ ಅಭಿಪ್ರಾಯ ಏನೇ ಇರಲಿ, ಹದಿನೆಂಟರ ಮಗನನ್ನು ಎರಡು ವರ್ಷ ಬಿಟ್ಟುಕೊಡುವ ಮನೆಯೊಳಗೆ ಏನು ನಡೆಯುತ್ತದೆ ಎಂಬುದು ಬೇರೆಯೇ ವಿಷಯ.

ಎಲ್ಲಿಗೆ ಹೋಗಬೇಕೆಂಬುದನ್ನು ಹುಡುಗನಾಗಲಿ ತಂದೆ ತಾಯಿಯಾಗಲಿ ನಿರ್ಧರಿಸುವಂತಿಲ್ಲ. ಅದು ಸಾಲ್ಟ್ ಲೇಕ್ ನಗರದಲ್ಲಿರುವ ಧರ್ಮಮುಖಂಡರ ತೀರ್ಮಾನ. ಕೆಲವೇ ವರ್ಷಗಳ ಹಿಂದಿನವರೆಗೆ ಈ ಆದೇಶ ದಪ್ಪನೆಯ ಬಿಳಿ ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತಿತ್ತು. ಅಜ್ಜ ಅಜ್ಜಿ, ನೆರೆಹೊರೆಯವರು, ಗೆಳೆಯರು ಸೇರಿದ ಮೇಲೆಯೇ ಅದನ್ನು ಒಡೆಯುವುದು. ಬ್ರೆಜಿಲ್ ಎಂದು ಒಬ್ಬರು, ಜಪಾನ್ ಎಂದು ಮತ್ತೊಬ್ಬರು ಮೊದಲೇ ಊಹಿಸಿ ಹೇಳುವುದೂ ಉಂಟು. 2018ರಿಂದ ಆದೇಶ ಅಂತರ್ಜಾಲದಲ್ಲಿ ಬರುತ್ತದೆ. ಆದರೂ ಜನ ಸೇರುವುದು ನಿಂತಿಲ್ಲ. 2012ರ ಅಕ್ಟೋಬರಿನಲ್ಲಿ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ, ಹುಡುಗಿಯರದನ್ನು 21ರಿಂದ 19ಕ್ಕೆ ಇಳಿಸಿದ ಮೇಲೆ ಪ್ರೌಢಶಾಲೆ ಮುಗಿಸಿದ ಬೆನ್ನಿಗೇ, ಒಂದು ದಿನವೂ ಮನೆ ಬಿಟ್ಟಿರದ ಮಕ್ಕಳು ಹೊರಡುವಂತಾಯಿತು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು.

ಖರ್ಚು ಮನೆಯದ್ದೇ. ಕೊಲ್ಲಿ ದೇಶಗಳಿಗೆ ಮಗನನ್ನು ಕಳುಹಿಸಿದ ಕಾಸರಗೋಡಿನ ಮನೆಗಳಿಗೆ ಕಾಯುವುದೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಲ್ಲಿಂದ ಹಣ ಮನೆಗೆ ಬರುತ್ತದೆ; ಇಲ್ಲಿ ಹಣವೂ ಮಗನ ಹಿಂದೆಯೇ ಹೋಗುತ್ತದೆ. ಹಿಂದೆ ಆಯಾ ದೇಶದ ವೆಚ್ಚವನ್ನು ಆಯಾ ಕುಟುಂಬವೇ ಭರಿಸಬೇಕಾಗಿತ್ತು. ಜಪಾನಿಗೆ ಹೋದವನ ತಂದೆಗೆ ಭಾರ, ಲ್ಯಾಟಿನ್ ಅಮೆರಿಕದ ಬಡ ದೇಶಕ್ಕೆ ಹೋದವನ ತಂದೆಗೆ ಹಗುರ. 1990ರ ದಶಕದ ಆರಂಭದಲ್ಲಿ ಈ ತಾರತಮ್ಯ ನೀಗಿಸಿ ಎಲ್ಲರಿಗೂ ಒಂದೇ ಮೊತ್ತ ನಿಗದಿ ಮಾಡಲಾಯಿತು. 2003ರಲ್ಲಿ ಅದು ತಿಂಗಳಿಗೆ 400 ಡಾಲರ್ ಆಯಿತು, 2020ರ ಜುಲೈಯಿಂದ 500. ಎರಡು ವರ್ಷಕ್ಕೆ 12 ಸಾವಿರ ಡಾಲರ್. ಬಾಲ್ಯದಿಂದಲೇ ಹುಂಡಿಯಲ್ಲಿ ಕೂಡಿಡುವ ಹುಡುಗರಿದ್ದಾರೆ. ಕಡಿಮೆಯಾದುದನ್ನು ತಂದೆ ತಾಯಿ ತುಂಬುತ್ತಾರೆ, ಕೆಲವೊಮ್ಮೆ ಅಜ್ಜ, ಕೆಲವೊಮ್ಮೆ ಊರಿನ ಸಭೆಯವರು.

ಹಣಕ್ಕಿಂತ ಕಠಿಣವಾಗಿದ್ದುದು ಮಾತಿನ ಮಿತಿ. ಮಗನ ಧ್ವನಿ ಕೇಳಲು ವರ್ಷಕ್ಕೆ ಎರಡೇ ಅವಕಾಶ: ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಮೇ ತಿಂಗಳ ಎರಡನೆಯ ಭಾನುವಾರದ ತಾಯಂದಿರ ದಿನ. ಉಳಿದಂತೆ ವಾರಕ್ಕೊಂದು ಪತ್ರ, ಅನಂತರದ ಕಾಲದಲ್ಲಿ ವಾರಕ್ಕೊಂದು ಇ-ಮೇಲ್. ಮನಸ್ಸು ಮನೆಯ ಕಡೆ ಎಳೆಯದಿರಲಿ ಎಂಬುದು ನಿಯಮದ ಉದ್ದೇಶ. ಅದರ ಭಾರ ಹೆಚ್ಚು ಬಿದ್ದದ್ದು ಮನೆಯಲ್ಲುಳಿದವರ ಮೇಲೆ. ಹೊಸ ಊರು, ಹೊಸ ಜನ, ಹೊಸ ಭಾಷೆಯ ನಡುವೆ ಹುಡುಗನಿಗೆ ದಿನ ಕಳೆಯುತ್ತದೆ. ತಾಯಿಗೆ ಅದೇ ಅಡುಗೆಮನೆ, ಅದೇ ಮೇಜು, ಒಂದು ಕುರ್ಚಿ ಮಾತ್ರ ಖಾಲಿ. ಬಂದ ಪತ್ರವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುವುದು, ಗೋಡೆಯ ನಕಾಶೆಯಲ್ಲಿ ಅವನಿರುವ ಊರಿಗೆ ಗುಂಡುಸೂಜಿ ಚುಚ್ಚುವುದು, ಕಿರಿಯ ಮಕ್ಕಳು ರಾತ್ರಿಯ ಪ್ರಾರ್ಥನೆಯಲ್ಲಿ ಅಣ್ಣನ ಹೆಸರನ್ನು ತಪ್ಪದೆ ಹೇಳುವುದು, ಇವೆಲ್ಲ ಮನೆಯ ನಿತ್ಯವಿಧಿಗಳಾದವು.

ಇದು ಹೊಸ ಸಂಪ್ರದಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕರೆ ಬರುತ್ತಿದ್ದುದು ಹುಡುಗರಿಗಲ್ಲ, ಹೆಚ್ಚಾಗಿ ಸಂಸಾರವಂದಿಗರಿಗೆ. 1843ರಲ್ಲಿ ಆಡಿಸನ್ ಪ್ರಾಟ್ ಎಂಬವನು ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೊರಟಾಗ ಹೆಂಡತಿ ಲೂಯಿಸಾ ನಾಲ್ವರು ಹೆಣ್ಣುಮಕ್ಕಳೊಂದಿಗೆ ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ಉಳಿದಳು. ಎಲ್ಲರೂ ಆ ಊರು ತೊರೆಯಬೇಕಾಗಿ ಬಂದಾಗ ಗಂಡಸಿನ ನೆರವಿಗೆ ಕಾಯದೆ ಮಕ್ಕಳನ್ನು ಕರೆದುಕೊಂಡು ಬಂಡಿಯಲ್ಲಿ ಪಶ್ಚಿಮಕ್ಕೆ ಹೊರಟು 1848ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದಳು. ಗಂಡ ಬಂದು ಕೂಡಿಕೊಂಡದ್ದು ಅಲ್ಲಿಯೇ, ಐದು ವರ್ಷ ದಾಟಿದ ಮೇಲೆ. ಮರುವರ್ಷವೇ ಆತನಿಗೆ ಮತ್ತೆ ಕರೆ ಬಂತು. ಈ ಸಲ ಲೂಯಿಸಾ ಮನೆಯಲ್ಲಿ ಉಳಿಯಲಿಲ್ಲ. 1850ರಲ್ಲಿ ಮಕ್ಕಳೊಡನೆ ತಾನೂ ಹಡಗು ಹತ್ತಿ ಟುಬುವಾಯ್ ದ್ವೀಪಕ್ಕೆ ಹೋದಳು. ಚರಿತ್ರೆಯಲ್ಲಿ ಧರ್ಮಪ್ರಚಾರಕನೆಂದು ಮೊದಲು ಬರುವ ಹೆಸರು ಗಂಡನದು. ಆ ಐದು ವರ್ಷಗಳ ಸೇವೆಯಲ್ಲಿ ದೊಡ್ಡ ಪಾಲು ಯಾರದೆಂದು ಕೇಳಿದರೆ ಉತ್ತರ ಅಷ್ಟು ಸರಳವಲ್ಲ.

2019ರ ಫೆಬ್ರವರಿಯಲ್ಲಿ ಮಾತಿನ ನಿಯಮ ಸಡಿಲಗೊಂಡಿತು. ಈಗ ವಾರಕ್ಕೊಮ್ಮೆ ದೂರವಾಣಿಯಲ್ಲೋ ವಿಡಿಯೋದಲ್ಲೋ ಮಾತನಾಡಬಹುದು. ತಾಯಂದಿರಿಗೆ ಸಹಜವಾಗಿಯೇ ನೆಮ್ಮದಿ. ಆದರೆ ದೊರೆತ ಸೌಲಭ್ಯದೊಂದಿಗೆ ಒಂದು ಕಳವಳವೂ ಬಂತು. ಪತ್ರದಲ್ಲಿ ಮಗ ತನ್ನ ದುಃಖವನ್ನು ಮರೆಮಾಡಬಲ್ಲ, ಪರದೆಯ ಮೇಲಿನ ಮುಖ ಅಷ್ಟು ಸುಲಭವಾಗಿ ಸುಳ್ಳು ಹೇಳಲಾರದು. ಕೆನ್ನೆ ಬತ್ತಿದ್ದು, ಕಣ್ಣು ತಪ್ಪಿಸಿದ್ದು ತಾಯಿಗೆ ಕಾಣುತ್ತದೆ. ಕಂಡದ್ದನ್ನು ಇಟ್ಟುಕೊಂಡು ಮುಂದಿನ ಸೋಮವಾರದವರೆಗೆ ಇರಬೇಕು.

ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ನಮ್ಮ ಮನೆಗಳಿಗೆ ಕುತೂಹಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಈ ಹುಡುಗರಿಗೆ 50ಕ್ಕೂ ಹೆಚ್ಚು ಭಾಷೆಗಳಲ್ಲಿ ತರಬೇತಿ ನೀಡಲಾಗುತ್ತದೆ. ಹೊರಟವನು ಇಂಗ್ಲಿಷ್ ಒಂದನ್ನೇ ಬಲ್ಲವನು. ಕೆಲವು ತಿಂಗಳುಗಳಲ್ಲಿ ಅವನ ಪತ್ರದೊಳಗೆ ಪರಭಾಷೆಯ ಪದಗಳು ನುಸುಳುತ್ತವೆ, ವಾಕ್ಯದ ಕ್ರಮ ಹದ ತಪ್ಪುತ್ತದೆ. ಮನೆಗೆ ಮರಳಿದವನು ಸಭೆಯೆದುರು ನಿಂತಾಗ ತಾಯ್ನುಡಿಯ ಪದಕ್ಕಾಗಿ ತಡಕಾಡುತ್ತಾನೆ. ಅದನ್ನು ಅಲ್ಲಿ ಯಾರೂ ಅವಮಾನವೆಂದು ತಿಳಿಯುವುದಿಲ್ಲ, ನಕ್ಕು ಮೆಚ್ಚುತ್ತಾರೆ. ಇಂಗ್ಲಿಷಿಗೆ ಅಳಿವಿನ ಭಯವಿಲ್ಲದ್ದರಿಂದ ಅವರಿಗೆ ಈ ಔದಾರ್ಯ ಸಾಧ್ಯ ಎನ್ನಬೇಕು. ಗಡಿಯಾಚೆಯ ಕನ್ನಡ ತಾಯಿ ಅಷ್ಟು ನಿರಾಳವಾಗಿ ನಗಲಾರಳು. ಆದರೆ ಕಲಿತ ಭಾಷೆ ಅಲ್ಲಿ ವ್ಯರ್ಥವಾಗಲಿಲ್ಲ. ಯುವಕನಾಗಿದ್ದಾಗ ತೈವಾನಿನಲ್ಲಿ ಇದೇ ಸೇವೆ ಸಲ್ಲಿಸಿ ಚೀನೀ ಭಾಷೆ ಕಲಿತ ಜಾನ್ ಹಂಟ್ಸ್‌ಮನ್ ರಾಜ್ಯಪಾಲರಾಗಿದ್ದಾಗ, 2008ರಲ್ಲಿ, ಯೂಟಾದ ಸರಕಾರಿ ಶಾಲೆಗಳಲ್ಲಿ ಎರಡು ಭಾಷೆಗಳ ಮೂಲಕ ಪಾಠ ಹೇಳುವ ಯೋಜನೆಗೆ ಕಾನೂನಿನ ಬಲ ದೊರೆಯಿತು.

ಎಲ್ಲರೂ ಅವಧಿ ಮುಗಿಸಿ ಬರುವುದಿಲ್ಲ. ಕಾಯಿಲೆಯಿಂದಲೋ ಮನೋವ್ಯಥೆಯಿಂದಲೋ ನಡುವೆಯೇ ಮರಳಿದ ಹುಡುಗನನ್ನು ಊರು ನೋಡುವ ನೋಟ ಬೇರೆ. ಕಳುಹಿಸುವಾಗ ಸಂಭ್ರಮಿಸಿದ ನೆರೆಯವರು ಈಗ ಏನು ಕೇಳಬೇಕೆಂದು ತೋಚದೆ ಸುಮ್ಮನಾಗುತ್ತಾರೆ. ತಂದೆ ತಾಯಿಯ ನಿಜವಾದ ಪರೀಕ್ಷೆ ಮಗ ದೂರವಿದ್ದಾಗಲ್ಲ, ಆಗ. ಇನ್ನು, ಮಗ ದೂರದಲ್ಲಿರುವಾಗ ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡರೆ ಅವನು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಕೊನೆಯ ದರ್ಶನ ತಪ್ಪಿದ ನೋವು ಅವನಿಗೆಷ್ಟೋ, ಆ ಸುದ್ದಿಯನ್ನು ಹೇಳಬೇಕಾದ ತಂದೆಗೂ ಅಷ್ಟೇ.

2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಸಾವಿರಾರು ಮಂದಿಯನ್ನು ಒಮ್ಮೆಲೇ ತಾಯ್ನಾಡಿಗೆ ಕರೆಸಲಾಯಿತು. 22ರ ಭಾನುವಾರ ಫಿಲಿಪ್ಪೀನ್ಸಿನಿಂದ ಬಂದವರನ್ನು ಎದುರುಗೊಳ್ಳಲು ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಕುಟುಂಬಗಳು ಕಿಕ್ಕಿರಿದವು. ಅಂತರ ಕಾಯಬೇಕಾದ ಕಾಲದಲ್ಲಿ ಅಪ್ಪುಗೆಗಳು ಕಂಡವು. ರಾಜ್ಯದ ಮುಖಂಡರು ಬಹಿರಂಗವಾಗಿ ಆಕ್ಷೇಪಿಸಿದರು. ಅಲ್ಲಿಂದ ಮುಂದೆ ಒಬ್ಬರೋ ಇಬ್ಬರೋ ಮಾತ್ರ ಬಂದು ಕಾರಿನ ಬಳಿ ಕಾಯಬೇಕೆಂಬ ಕಟ್ಟಳೆಯಾಯಿತು. ಆಕ್ಷೇಪ ನ್ಯಾಯವಾದುದೇ. ತಿಂಗಳುಗಟ್ಟಲೆ ಕಾದ ತಾಯಿ ಆರಡಿ ದೂರ ನಿಲ್ಲಲಾರದೆ ಹೋದದ್ದೂ ಅರ್ಥವಾಗದ ಅಪರಾಧವಲ್ಲ.

ಸಾಮಾನ್ಯ ದಿನಗಳಲ್ಲಿ ಮರಳುವ ಮಗನಿಗೂ ಒಂದು ವಿಧಿ ಬಾಕಿಯಿರುತ್ತದೆ. ವಿಮಾನದಿಂದ ಇಳಿದ ಮಾತ್ರಕ್ಕೆ ಸೇವೆ ಮುಗಿಯುವುದಿಲ್ಲ. ಆ ಭಾಗದ ಸಭೆಗಳ ಮುಖ್ಯಸ್ಥರನ್ನು ಕಂಡು, ಅವರು ಬಿಡುಗಡೆ ಮಾಡಿದ ಮೇಲೆಯೇ ಎದೆಯ ಕಪ್ಪು ಫಲಕವನ್ನು ತೆಗೆಯಬೇಕು. ಎಷ್ಟೋ ಕುಟುಂಬಗಳು ಅದೇ ಸಂಜೆ ಅವರಲ್ಲಿಗೆ ಹೋಗುತ್ತವೆ. ಅಲ್ಲಿಂದ ಮರಳುವಾಗ ಕಾರಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತ ಹುಡುಗ, ಫಲಕವಿಲ್ಲದ ಅಂಗಿಯ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾನೆ.