ಪ್ರೆಸ್ಟನ್ನಿನ ಇಬ್ಬರು ವಿಲಿಯಂ

1851ರ ಮಾರ್ಚ್ 31, ಸೋಮವಾರ. ಲಂಕಾಷೈರಿನ ಪ್ರೆಸ್ಟನ್ ಪಟ್ಟಣದಲ್ಲಿ ಹತ್ತಿ ಗಿರಣಿಗಳು ಬೆಳಗಾಗುತ್ತಲೇ ಸದ್ದು ಶುರುಮಾಡಿವೆ. ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆ ಮನೆಗಳ ಓಣಿಯಲ್ಲಿ ಗಣತಿದಾರನೊಬ್ಬ ಬಾಗಿಲು ತಟ್ಟುತ್ತಾ ಬರುತ್ತಿದ್ದಾನೆ. ಹೋದ ವಾರ ಹಂಚಿದ್ದ ನಮೂನೆಗಳನ್ನು ಇವತ್ತು ವಾಪಸ್ ಪಡೆಯಬೇಕು. ನಿನ್ನೆ ರಾತ್ರಿ ಈ ಸೂರಿನಡಿ ಯಾರ್ಯಾರು ಮಲಗಿದ್ದರು ಎಂಬುದು ಸರ್ಕಾರಕ್ಕೆ ಬೇಕು. ಓದುಬರಹ ಬಾರದ ಮನೆಯಲ್ಲಿ ನಮೂನೆ ಖಾಲಿ ಉಳಿದಿದೆ. ಹೊಸ್ತಿಲಲ್ಲಿ ನಿಂತ ಹೆಂಗಸು ಹೇಳುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಗಂಡನ ವಯಸ್ಸು ಆಕೆಗೆ ಅಂದಾಜು. ಊರಿನ ಹೆಸರು ಅವನ ಕಿವಿಗೆ ಹೇಗೆ ಬಿತ್ತೋ ಹಾಗೆ.

ಆಮೇಲೆ ಅವನು ಎಲ್ಲವನ್ನೂ ಗಣತಿ ಪುಸ್ತಕಕ್ಕೆ ನಕಲು ಮಾಡುತ್ತಾನೆ. ಮನೆಯವರ ನಮೂನೆಗಳು ಮುಂದೆ ನಾಶವಾದವು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿರುವುದು ಈ ನಕಲು. ಗುಮಾಸ್ತರು ಲೆಕ್ಕ ಹಾಕುವಾಗ ಎಳೆದ ಗೀಟುಗಳು ವಯಸ್ಸಿನ ಅಂಕಿಗಳ ಮೇಲೆಯೇ ಬಿದ್ದಿವೆ. 1 ಯಾವುದು, 7 ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು.

ಈ ಪುಟಗಳಲ್ಲಿ ತಮ್ಮ ಪೂರ್ವಜರನ್ನು ಹುಡುಕುವವರು ಮೊದಲು ಹೆಸರಿಗೆ ಜೋತು ಬೀಳುತ್ತಾರೆ. ಇಂಗ್ಲೆಂಡಿನಲ್ಲಿ ಹೆಸರನ್ನು ನೆಚ್ಚಿದರೆ ಕೆಟ್ಟಂತೆಯೇ. ಆ ಕಾಲದಲ್ಲಿ ಓಣಿಗೆ ನಾಲ್ಕು ವಿಲಿಯಂ, ಐದು ಮೇರಿ. ಹುಡುಕಾಟ ಹೇಗೆ ಸಾಗುತ್ತದೆ ಎಂದು ತೋರಿಸಲು ಒಂದು ಕಲ್ಪಿತ ವಂಶವನ್ನೇ ತೆಗೆದುಕೊಳ್ಳೋಣ. ಮನೆಯ ಹಿರಿಯರು ದಾಟಿಸಿದ ಮಾತು ಇಷ್ಟು: ಮೂಲಪುರುಷ ವಿಲಿಯಂ, ನೇಕಾರ, ಹೆಂಡತಿ ಮೇರಿ, ಮಗ ಥಾಮಸ್. 1851ರ ಪ್ರೆಸ್ಟನ್ನಿನಲ್ಲಿ ಅದೇ ಮನೆತನದ ಹೆಸರಿನ ವಿಲಿಯಂ ಇಬ್ಬರು ಸಿಗುತ್ತಾರೆ. ಇಬ್ಬರಿಗೂ 41, ಇಬ್ಬರ ಹೆಂಡಿರೂ ಮೇರಿ, ಇಬ್ಬರಿಗೂ ಥಾಮಸ್ ಎಂಬ ಮೂರು ವರ್ಷದ ಮಗ. ಒಬ್ಬ ಯಂತ್ರಮಗ್ಗದ ನೇಕಾರ. ಇನ್ನೊಬ್ಬನ ಕಸುಬಿನ ಕಾಲಂನಲ್ಲಿ ‘ಚೆಲ್ಸಿ ಪಿಂಚಣಿದಾರ’ ಎಂದಿದೆ. ಅಂದರೆ ಸೈನ್ಯದಿಂದ ನಿವೃತ್ತನಾದವನು. ನೇಕಾರನೇ ನಮ್ಮವನು ಎನ್ನಲು ನಾಲಿಗೆ ತುದಿಯಲ್ಲೇ ಮಾತು ಸಿದ್ಧವಿರುತ್ತದೆ. ಅಲ್ಲಿ ತಡೆದು ನಿಲ್ಲುವವರನ್ನು ಕಂಡರೆ ನನಗೆ ಗೌರವ.

ವಿಲಿಯಂನನ್ನು ಬಿಟ್ಟು ಅವನ ಸುತ್ತಲಿನವರನ್ನು ನೋಡಬೇಕು. ಯಾರು ಯಾರಿಗೆ ಏನಾಗಬೇಕು, ಹುಟ್ಟಿದ್ದು ಯಾವ ಪ್ಯಾರಿಷ್‌ನಲ್ಲಿ ಎಂದು 1851ರ ಗಣತಿ ಕೇಳಿತ್ತು. 1841ರದು ಅಷ್ಟು ಉದಾರವಲ್ಲ. ಅದರಲ್ಲಿ ನಂಟಿನ ಕಾಲಮ್ಮೇ ಇಲ್ಲ, ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದರು. ಈಗ ಪಿಂಚಣಿದಾರನ ಮನೆಗೆ ಬನ್ನಿ. ಯಜಮಾನ, ಹೆಂಡತಿ, ಒಂಬತ್ತರ ಮಗಳು, ಮೂರರ ಥಾಮಸ್, ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿ: ಯಜಮಾನನ ಅತ್ತೆ, ವಿಧವೆ. ಆಕೆಯ ಹೆಸರಿನ ಪಕ್ಕದಲ್ಲಿರುವುದು ಮೇರಿಯ ತವರಿನ ಹೆಸರು. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ 1837ರ ಜುಲೈನಲ್ಲೇ ಆರಂಭವಾಗಿತ್ತು. ವಂಶಸ್ಥರು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ತಮ್ಮ ಥಾಮಸನ ಜನನ ಪತ್ರವನ್ನು ಪಕ್ಕಕ್ಕಿಟ್ಟರೆ, ತಾಯಿಯ ತವರಿನ ಹೆಸರು ಅದೇ.

ಇನ್ನು ಆ ಒಂಬತ್ತರ ಹುಡುಗಿ. ಹುಟ್ಟಿದ ಸ್ಥಳ: ಈಸ್ಟ್ ಇಂಡೀಸ್, ಬೆಂಗಳೂರು. ಲಂಕಾಷೈರಿನ ಹಳ್ಳಿಹೆಸರುಗಳ ನಡುವೆ ನಮ್ಮೂರಿನ ಹೆಸರು ಬಂದರೆ ಕನ್ನಡಿಗರ ಎದೆ ಒಂದು ಕ್ಷಣ ಜಿಗಿಯುತ್ತದೆ. 1809ರಲ್ಲಿ ನೆಲೆಗೊಂಡ ನಮ್ಮ ದಂಡಿನಲ್ಲಿ ಇಂಥ ಸಿಪಾಯಿ ಮಕ್ಕಳು ಎಷ್ಟೋ ಹುಟ್ಟಿದವು, ಎಷ್ಟೋ ಅಲ್ಲೇ ಮಣ್ಣಾದವು. ದಂಡಿನ ಪಾದ್ರಿ ಬರೆದ ದೀಕ್ಷಾಸ್ನಾನದ ಪಟ್ಟಿಯ ನಕಲು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹುಡುಗಿಯ ಹೆಸರು ಅಲ್ಲಿ ಸಿಕ್ಕಿದರೆ ತಂದೆಯ ದರ್ಜೆ, ರೆಜಿಮೆಂಟು ಎರಡೂ ಸಿಗುತ್ತವೆ. ರೆಜಿಮೆಂಟು ಗೊತ್ತಾದರೆ ಕ್ಯೂನಲ್ಲಿರುವ ಬಿಡುಗಡೆ ಪತ್ರದ ದಾರಿ ತೆರೆಯುತ್ತದೆ. ಅದರಲ್ಲಿ ಹುಟ್ಟಿದ ಪ್ಯಾರಿಷ್, ಎತ್ತರ, ಕಣ್ಣಿನ ಬಣ್ಣ, ಸೈನ್ಯಕ್ಕೆ ಸೇರುವ ಮೊದಲಿನ ಕಸುಬು ಇರುತ್ತವೆ. ನಮ್ಮ ಕತೆಯಲ್ಲಿ ಆ ಕಸುಬು: ನೇಕಾರ. ಹಿರಿಯರ ಮಾತು ಸುಳ್ಳಾಗಲಿಲ್ಲ. 1841ರ ಗಣತಿಯಲ್ಲಿ ಇವನು ಎಲ್ಲೂ ಸಿಗದಿದ್ದುದಕ್ಕೂ ಇದೇ ಕಾರಣ. ಹೊರದೇಶದಲ್ಲಿದ್ದ ಸಿಪಾಯಿಗಳ ಹೆಸರನ್ನು ಆಗ ಬರೆಯುತ್ತಿರಲಿಲ್ಲ.

ಇಷ್ಟಾದರೂ ಪಳಗಿದವರು ಕಡತ ಮುಚ್ಚುವುದಿಲ್ಲ. ಆ ಇನ್ನೊಬ್ಬ ವಿಲಿಯಂ ಯಾರೆಂದು ಗೊತ್ತಾಗುವ ತನಕ ಇವನು ಪೂರ್ತಿ ನಮ್ಮವನಲ್ಲ. ಅವನನ್ನೂ ಅಷ್ಟೇ ಅಕ್ಕರೆಯಿಂದ ಹಿಂಬಾಲಿಸಬೇಕು: ಅವನ ಮದುವೆ, ಅವನ ಮೇರಿಯ ತವರು, ಮಕ್ಕಳ ಜನನ, ಚರ್ಚಿನ ಹೂಳುವಿಕೆಯ ಪುಸ್ತಕ. 1861ರ ಏಪ್ರಿಲ್ 7ರ ಗಣತಿಯಲ್ಲಿ ಅವನು ಅದೇ ಓಣಿಯಲ್ಲಿ, ಅದೇ ಮಗ್ಗದ ಕೆಲಸದಲ್ಲಿ, ಬೇರೆ ತವರಿನ ಮೇರಿ ಮತ್ತು ಹದಿಮೂರರ ತನ್ನ ಥಾಮಸನ ಜೊತೆ ಸಿಗುತ್ತಾನೆ. ಅದೇ ರಾತ್ರಿ, ಎರಡು ಬೀದಿಯಾಚೆ, ಹಳೆಯ ಸಿಪಾಯಿಯ ಮನೆಯಲ್ಲಿ ಅತ್ತೆಯ ಹೆಸರಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಮಗಳಿಗೆ ಈಗ ಹತ್ತೊಂಬತ್ತು, ಗಿರಣಿ ಕೆಲಸ. ಪಕ್ಕದ ಸಾಲಿನಲ್ಲಿ ಹದಿಮೂರರ ಇನ್ನೊಬ್ಬ ಥಾಮಸ್. ಇಬ್ಬರು ವಿಲಿಯಂಗಳೂ ತಂತಮ್ಮ ಮನೆಯಲ್ಲಿದ್ದಾರೆ. ಈಗ ವಂಶವೃಕ್ಷದಲ್ಲಿ ಸಿಪಾಯಿಯ ಹೆಸರನ್ನು ಶಾಯಿಯಲ್ಲಿ ಬರೆಯಬಹುದು.