ನಿಮಗಿದು ಗೊತ್ತೇ? ಹೆಬ್ಬಾಳದಿಂದ ನೇರ ಹೋದರೆ ಶ್ರೀನಗರ!

ವಿಮಾನ ತಪ್ಪೀತೆಂದು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಪದೇ ಪದೇ ಗಡಿಯಾರ ನೋಡುವವರಿಗೆ ಒಂದು ಸಮಾಧಾನ: ನೀವು ನಿಂತಿರುವುದು ದೇಶದ ಅತಿ ಉದ್ದದ ಹೆದ್ದಾರಿಯ ಮೇಲೆ. ವಿಮಾನ ತಪ್ಪಿದರೆ ಅದೇ ರಸ್ತೆ ಹಿಡಿದು ಮುಂದೆ ಹೋಗಿ, ಶ್ರೀನಗರ ಸಿಗುತ್ತದೆ. ಗಾಡಿ ತಿರುಗಿಸಿದರೆ ಕನ್ಯಾಕುಮಾರಿ. ರಾಷ್ಟ್ರೀಯ ಹೆದ್ದಾರಿ 44ರ ಉದ್ದ ಮೂರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ನಮ್ಮ ಪಾಲಿಗೆ ಬಂದಿರುವುದು ಬಾಗೇಪಲ್ಲಿಯಿಂದ ಅತ್ತಿಬೆಲೆವರೆಗಿನ ತುಂಡು ಮಾತ್ರ. ರಾಜಸ್ಥಾನದ ಪಾಲು ಅದಕ್ಕಿಂತ ಚಿಕ್ಕದು. ಧೌಲ್‌ಪುರದಲ್ಲಿ ಒಳಹೊಕ್ಕವರು ಆ ರಾಜ್ಯದಲ್ಲಿದ್ದೇವೆಂದು ಗಮನಿಸುವಷ್ಟರಲ್ಲಿ ಹೊರಗಿರುತ್ತಾರೆ.

ಈ ರಸ್ತೆಯಲ್ಲಿ ಒಬ್ಬರೇ ಹೊರಡುವವರಿಗಾಗಿ ಈ ಸಲದ ಅಂಕಣ. ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದರೆ ಮಾತಿನಲ್ಲೇ ದಾರಿ ಸಾಗಿಬಿಡುತ್ತದೆ. ರಸ್ತೆ ಬದಿಯ ಕಲ್ಲು, ಗಿಡ, ಬೋರ್ಡು ಕಣ್ಣಿಗೆ ಬೀಳುವುದು ಒಂಟಿಯಾಗಿ ಹೋದಾಗಲೇ.

44 ಎಂಬ ಸಂಖ್ಯೆಯನ್ನು ಯಾರೋ ಚೀಟಿ ಎತ್ತಿ ಕೊಟ್ಟದ್ದಲ್ಲ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಹಂಚಿತು. ಉತ್ತರ-ದಕ್ಷಿಣವಾಗಿ ಹಾಯುವ ಮುಖ್ಯ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಅದು ಏರುತ್ತದೆ. ಹಾಗಾಗಿ ಚೆನ್ನೈ-ಕೋಲ್ಕತ್ತ ಕರಾವಳಿಯದು 16, ದೇಶದ ನಡುವಿನದು 44, ನಮ್ಮ ಮಂಗಳೂರು-ಕಾರವಾರ ಕರಾವಳಿಯದು 66. ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ, ಲಡಾಖ್ ಕಡೆಯದು 1, ರಾಮೇಶ್ವರದ ಕಡೆಯದು 87. ಮೂರಂಕಿ ಕಂಡರೆ ಅದು ಕವಲು: ಬೆಂಗಳೂರು-ಮೈಸೂರು-ಮಡಿಕೇರಿಯ 275 ಎಂಬುದು 75ರ ಕವಲು, ಮಂಗಳೂರು-ಶಿವಮೊಗ್ಗದ 169 ಎಂಬುದು 69ರ ಕವಲು. ಮೊಬೈಲ್ ನಕ್ಷೆ ಕೈಕೊಟ್ಟಾಗ ಇಷ್ಟು ನೆನಪಿದ್ದರೂ ಯಾವ ದಿಕ್ಕಿಗೆ ಹೊರಟಿದ್ದೀರೆಂದು ಅಂದಾಜಾಗುತ್ತದೆ.

ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಉತ್ತರ-ದಕ್ಷಿಣಕ್ಕೆ ಬೆಸಸಂಖ್ಯೆ, ಏರಿಕೆ ಪಶ್ಚಿಮದಿಂದ ಪೂರ್ವಕ್ಕೆ. ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಗೊತ್ತಿರುವುದು 5, ನ್ಯೂಜೆರ್ಸಿಯವರಿಗೆ 95. ರಜೆಗೆ ಊರಿಗೆ ಬಂದು ಕಾರು ಬಾಡಿಗೆ ಹಿಡಿಯುವ ಮಗನಿಗೋ ಅಳಿಯನಿಗೋ ಇದೊಂದು ಮಾತು ಹೇಳಿಡಿ.

ಹಳೆಯ ಲಾರಿ ಚಾಲಕರ ಬಾಯಲ್ಲಿ 44 ಇನ್ನೂ ‘ಎನ್‌ಎಚ್ ಸೆವೆನ್ನೇ’. ಹಳೆಯ 7 ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿತ್ತು. ಆ ಕಾಲಕ್ಕೆ ದೇಶದ ಅತಿ ಉದ್ದದ ಹೆದ್ದಾರಿ ಅದೇ. ಏಳು ಹಳೆಯ ಹೆದ್ದಾರಿಗಳನ್ನು, ಕೆಲವನ್ನು ಇಡಿಯಾಗಿ, ಕೆಲವನ್ನು ತುಂಡಾಗಿ ಜೋಡಿಸಿ ಇಂದಿನ 44 ಮಾಡಿದರು. ಸಂಖ್ಯೆ ಬದಲಾವಣೆಯ ತಮಾಷೆ ನೋಡಿ: ಮೊದಲು ಬೆಂಗಳೂರು-ಮಂಗಳೂರು ರಸ್ತೆ 48 ಆಗಿತ್ತು. ಈಗ 48 ಎಂದರೆ ದೆಹಲಿಯಿಂದ ಮುಂಬೈ, ಪುಣೆ, ಬೆಂಗಳೂರು ಹಾದು ಚೆನ್ನೈಗೆ ಹೋಗುವ ರಸ್ತೆ. ಹಳೆಯ ಅಟ್ಲಾಸ್ ನಂಬಿ ಶಿರಾಡಿ ಘಾಟಿ ಹುಡುಕುತ್ತ ಹೊರಟವರು ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಿರುತ್ತಾರೆ!

ಮೈಲಿಗಲ್ಲಿನ ತಲೆಗೆ ಬಳಿದ ಬಣ್ಣ ನೋಡಿದ್ದೀರಾ? ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಿದ್ದರೆ ಹಳ್ಳಿ ರಸ್ತೆ. ಐದು ಕಿಲೋಮೀಟರಿಗೊಮ್ಮೆ ಬರುವ ಕಲ್ಲು ಉಳಿದವಕ್ಕಿಂತ ದೊಡ್ಡದು. ಎರಡು ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಮರಿಕಲ್ಲುಗಳೂ ಇರುತ್ತವೆ. ಅವು ಬರೀ ದೂರ ಹೇಳಲಿಕ್ಕಲ್ಲ. ಗುಂಡಿ ಮುಚ್ಚುವ ಗುತ್ತಿಗೆದಾರನಿಂದ ಹಿಡಿದು ಆಂಬುಲೆನ್ಸ್ ಚಾಲಕನವರೆಗೆ ಹೆದ್ದಾರಿಯಲ್ಲಿ ದುಡಿಯುವವರಿಗೆ ಕಲ್ಲಿನ ಮೇಲಿನ ಸಂಖ್ಯೆಯೇ ವಿಳಾಸ.

ಬಾಗೇಪಲ್ಲಿ ದಾಟಿದ ಮೇಲೆ ಬೋರ್ಡುಗಳು ತೆಲುಗಿಗೆ ತಿರುಗುತ್ತವೆ. ಅಕ್ಷರ ಕಲಿಯದ ಕನ್ನಡಿಗನೂ ಊರ ಹೆಸರನ್ನು ಮುಕ್ಕಾಲುಪಾಲು ಓದಿಬಿಡುತ್ತಾನೆ. ಕನ್ನಡ, ತೆಲುಗು ಲಿಪಿಗಳು ಹಲವು ಶತಮಾನ ಒಂದೇ ಆಗಿದ್ದವು, ಬೇರೆಯಾದದ್ದು ಆಮೇಲೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಪೆನುಕೊಂಡ; 1565ರ ಯುದ್ಧದಲ್ಲಿ ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡದ್ದು ಈ ಬೆಟ್ಟದ ಬುಡವನ್ನೇ. ಶ್ರೀನಗರ ಶ್ರೀನಗರ ಎಂದು ಓಡುವವರಲ್ಲಿ ಹೆಚ್ಚಿನವರು ಕೋಟೆಯತ್ತ ತಿರುಗಿಯೂ ನೋಡುವುದಿಲ್ಲ. ಅದು ಅವರ ನಷ್ಟ.

ನಮ್ಮ ರಾಜ್ಯದ ಮೂರು ದೊಡ್ಡ ನದಿಗಳನ್ನು ಈ ಹೆದ್ದಾರಿ ದಾಟುತ್ತದೆ, ಮೂರನ್ನೂ ನಮ್ಮ ರಾಜ್ಯದ ಆಚೆ! ಕೂಡಲಿಯಲ್ಲಿ ತುಂಗೆ-ಭದ್ರೆ ಸೇರಿ ಆದ ತುಂಗಭದ್ರೆ ಕರ್ನೂಲಿನಲ್ಲಿ ಸಿಗುತ್ತಾಳೆ. ಕೃಷ್ಣೆ ತೆಲಂಗಾಣದ ಬೀಚುಪಲ್ಲಿಯಲ್ಲಿ. ದಕ್ಷಿಣಕ್ಕೆ ಹೊರಟವರಿಗೆ ಕಾವೇರಿ ನಾಮಕ್ಕಲ್ ಮತ್ತು ಕರೂರಿನ ನಡುವೆ. ಉತ್ತರದಲ್ಲಿ ಗೋದಾವರಿ, ನರ್ಮದೆ, ಚಂಬಲ್ ಬೇರೆ ಇವೆ. ಚಂಬಲ್ ನದಿ ಉದ್ದ ಮೂತಿಯ ಘರಿಯಾಲ್ ಮೊಸಳೆಗಳ ಅಭಯಾರಣ್ಯ.

ನಿಮ್ಮ ಮುಂದೆ ಹೋಗುತ್ತಿರುವ ಲಾರಿಯ ಬಾಡಿ ಎಲ್ಲಿಯದು? ನಾಮಕ್ಕಲ್‌ನದಾಗಿರಬಹುದು. 44ರ ಮೇಲೇ ಇರುವ ಈ ಊರು ಲಾರಿ ಬಾಡಿ ಕಟ್ಟುವುದಕ್ಕೆ ದಕ್ಷಿಣಕ್ಕೆಲ್ಲ ಹೆಸರುವಾಸಿ, ಮೊಟ್ಟೆಗೂ ಅಷ್ಟೇ. ಅಲ್ಲಿಂದ ದಕ್ಷಿಣಕ್ಕಿರುವ ಮಧುರೈಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್, ಪ್ಲಾಸ್ಟಿಕ್ ಕಸವನ್ನು ಡಾಂಬರಿನೊಂದಿಗೆ ಬಳಸಿ ರಸ್ತೆ ಹಾಕುವ ವಿಧಾನ ಕಂಡುಕೊಂಡವರು. 2018ರಲ್ಲಿ ಪದ್ಮಶ್ರೀ ಬಂತು. ಕನ್ಯಾಕುಮಾರಿಗೆ ಇನ್ನೇನು ತಲುಪಿದಿರಿ ಎನ್ನುವಾಗ ಮುಪ್ಪಂದಲ್‌ನ ಗಾಳಿಯಂತ್ರಗಳ ಕಾಡು. ಅಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಿರಿ, ಬೈಕಿನವರಂತೂ ಇನ್ನೂ ಹುಷಾರು. ಅಷ್ಟು ಯಂತ್ರ ನೆಟ್ಟಿದ್ದಾರೆಂದರೆ ಗಾಳಿ ಸಾಮಾನ್ಯದ್ದಲ್ಲ.

ಡಿವೈಡರಿನ ಮೇಲೆ ಎಲ್ಲಿ ನೋಡಿದರೂ ಕಣಗಿಲೆ, ಕಾಗದದ ಹೂವಿನ ಗಿಡಗಳೇ ಯಾಕೆ? ಅಂದ ಎರಡನೆಯ ಕಾರಣ. ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವವನ ಬೆಳಕು ನಿಮ್ಮ ಕಣ್ಣಿಗೆ ಹೊಡೆಯದಂತೆ ತಡೆಯುವ ಬೇಲಿ ಅದು. ನೀರಿಲ್ಲದಿದ್ದರೂ ಬದುಕುತ್ತವೆ, ಹೊಗೆಗೆ ಬಗ್ಗುವುದಿಲ್ಲ. ಕಣಗಿಲೆ ವಿಷ, ದನ ಬಾಯಿ ಹಾಕುವುದಿಲ್ಲ. ಹೆದ್ದಾರಿಯ ನಟ್ಟನಡುವೆ ಮೇಯಲು ಬರುವ ದನ ತಪ್ಪಿಸಿದರೆ ಎಷ್ಟು ಜೀವ ಉಳಿಯುತ್ತದೆ ಎಂಬುದನ್ನು ರಾತ್ರಿ ಗಾಡಿ ಓಡಿಸಿದವರನ್ನೇ ಕೇಳಬೇಕು. ಈ ಗಿಡ ಆರಿಸಿದವರಿಗೆ ನನ್ನದೊಂದು ನಮಸ್ಕಾರ. ಇನ್ನು ರಸ್ತೆಗೆ ಹೂತಿಟ್ಟು ಹೊಳೆಯುವ ‘ಕ್ಯಾಟ್ ಐ’ಗಳಲ್ಲಿ ಬಹುಪಾಲಿಗೆ ಕರೆಂಟೇ ಬೇಡ. ನಿಮ್ಮ ದೀಪದ ಬೆಳಕನ್ನೇ ನಿಮಗೆ ತಿರುಗಿಸಿ ಕೊಡುತ್ತವೆ. ಇಂಗ್ಲೆಂಡಿನ ಪರ್ಸಿ ಶಾ ಎಂಬಾತ 1934ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ನಾಗಪುರ ದಾಟಿ ಪೇಂಚ್ ಹುಲಿ ಕಾಡು ಸೇರುವಾಗ ರಸ್ತೆ ಒಮ್ಮೆಲೇ ಕಂಬಗಳ ಮೇಲೆ ಎದ್ದು ನಿಲ್ಲುತ್ತದೆ. ಕೆಳಗೆ ನದಿಯಿಲ್ಲ, ರೈಲೂ ಇಲ್ಲ, ಪ್ರಾಣಿಗಳ ದಾರಿ. ಮಹಾರಾಷ್ಟ್ರದ ಭಾಗದಲ್ಲಿ ಇಂಥ ಒಂಬತ್ತು ರಚನೆಗಳಿದ್ದು, ಅತಿ ಉದ್ದದ್ದು 750 ಮೀಟರ್. ಹುಲಿ, ಕಾಡುನಾಯಿ, ಜಿಂಕೆ ಇವುಗಳ ಕೆಳಗೆ ಹಾಯುವುದನ್ನು ಭಾರತೀಯ ವನ್ಯಜೀವಿ ಸಂಸ್ಥೆಯವರು ಕ್ಯಾಮೆರಾ ಇಟ್ಟು ದಾಖಲಿಸಿದ್ದಾರೆ. ನಮ್ಮ ಬಂಡೀಪುರದ್ದು ಬೇರೆ ದಾರಿ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಆಂಬುಲೆನ್ಸಿನಂಥ ತುರ್ತು ವಾಹನ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುವು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಮತ ಬಂಡೀಪುರಕ್ಕೆ. ಕಾಂಕ್ರೀಟು ಬೇಡ, ಮರ ಕಡಿಯುವುದು ಬೇಡ, ರಾತ್ರಿ ಪೂರ್ತಿ ಪ್ರಾಣಿಗಳದೇ. ಆದರೆ 44ರಂಥ ರಸ್ತೆಗೆ ರಾತ್ರಿ ಬೀಗ ಹಾಕಲಾದೀತೇ? ಅಲ್ಲಿಗೆ ಸೇತುವೆಯೇ ಸರಿ.

ದೆಹಲಿಯಿಂದ ಪಂಜಾಬಿನ ಜಲಂಧರ್‌ವರೆಗೆ 44 ಹೆಚ್ಚುಕಡಿಮೆ ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆಯೇ. ಶೇರ್ ಷಾ ಸೂರಿ 16ನೆಯ ಶತಮಾನದಲ್ಲಿ ಸುಧಾರಿಸಿದ ಈ ದಾರಿಯಲ್ಲಿ ದೂರ ತೋರಿಸಲು ಕಟ್ಟಿದ ‘ಕೋಸ್ ಮಿನಾರ್’ಗಳು ಹರಿಯಾಣದಲ್ಲಿ ಅಲ್ಲಲ್ಲಿ ಇನ್ನೂ ನಿಂತಿವೆ. ಪಾಣಿಪತ್ತೂ ಇದೇ ರಸ್ತೆಯಲ್ಲಿ. 1526, 1556, 1761, ಮೂರು ಯುದ್ಧ ಒಂದೇ ಊರಿನ ಸುತ್ತ ಯಾಕೆ ನಡೆದವು ಎಂಬುದು ಶಾಲೆಯಲ್ಲಿ ತಲೆಗೆ ಹೋಗಿರುವುದಿಲ್ಲ. ದೆಹಲಿಗೆ ಸೇನೆ ಬರುವ ಹೆದ್ದಾರಿ ಆಗಲೂ ಅದೇ ಎಂದು ಸ್ಟೇರಿಂಗ್ ಹಿಂದೆ ಕೂತಾಗ ಹೊಳೆಯುತ್ತದೆ. ಅದಕ್ಕೆ ಮೊದಲು ಸಿಗುವ ಮುರ್ಥಲ್‌ನಲ್ಲಿ ಬೆಣ್ಣೆ ಹಾಕಿದ ಪರಾಠ ತಿನ್ನಿ, ಆದರೆ ಎರಡಕ್ಕೇ ನಿಲ್ಲಿಸಿ. ಮೂರನೆಯದು ನಿದ್ದೆಗೆ ಕರೆ.

ಜಮ್ಮು ದಾಟಿದ ಮೇಲೆ ಚೆನಾನಿ-ನಶ್ರಿ ಸುರಂಗ. 2017ರ ಏಪ್ರಿಲಿನಲ್ಲಿ ತೆರೆದ ಇದರ ಉದ್ದ 9 ಕಿಲೋಮೀಟರಿಗೂ ಹೆಚ್ಚು. ಪಟ್ನಿಟಾಪ್ ಹತ್ತಿಳಿಯುವ ಸುಮಾರು 30 ಕಿಲೋಮೀಟರ್ ಇದರಿಂದ ಉಳಿಯುತ್ತದೆ. ಕಾಶ್ಮೀರದ ಅನಂತನಾಗ್ ಜಿಲ್ಲೆಯಲ್ಲಿ ಇದೇ ಹೆದ್ದಾರಿಯ 3.5 ಕಿಲೋಮೀಟರಿನಷ್ಟು ಭಾಗವನ್ನು ತುರ್ತಿನಲ್ಲಿ ವಿಮಾನ ಇಳಿಸಲು ಸಜ್ಜುಗೊಳಿಸಿದ್ದಾರೆ. ಅಮೆರಿಕದ ಹೆದ್ದಾರಿಗಳಲ್ಲಿ ಐದು ಮೈಲಿಗೊಂದು ಮೈಲಿ ವಿಮಾನ ಇಳಿಯಲೆಂದೇ ನೆಟ್ಟಗೆ ಮಾಡಿದ್ದಾರೆ ಎಂಬ ಮಾತು ಕೇಳಿರಬಹುದು. ಅದು ಸುಳ್ಳು, ಇದು ನಿಜ.

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100, ಎಕ್ಸ್‌ಪ್ರೆಸ್‌ವೇಯಲ್ಲಿ 120 ಕಿಲೋಮೀಟರ್ ಎಂದು 2018ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಬೈಕಿಗೆ ಎರಡರಲ್ಲೂ 80. ಸ್ಥಳದ ಬೋರ್ಡು ಕಡಿಮೆ ಹೇಳಿದರೆ ಬೋರ್ಡಿನ ಮಾತೇ ಕೊನೆ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಅರ್ಧಕ್ಕೂ ಹೆಚ್ಚು ಜಾಸ್ತಿಯಾಗುತ್ತದೆ, ಪೆಟ್ರೋಲ್ ಮುಳ್ಳು ಇಳಿಯುವುದು ಅದಕ್ಕೇ. ಅದೇ ಟೋಲಿನಲ್ಲಿ 24 ಗಂಟೆಯೊಳಗೆ ವಾಪಸಾದರೆ ಹೋಗಿಬರಲು ಸೇರಿ ಒಂದೂವರೆ ಪಟ್ಟು ಶುಲ್ಕ ಮಾತ್ರ. ಖಾಸಗಿ ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ ಅನ್ವಯ. ಇಷ್ಟೆಲ್ಲ ಟೋಲ್ ಕೊಟ್ಟರೂ ಶುಚಿಯಾದ ಶೌಚಾಲಯಕ್ಕೆ ಪೆಟ್ರೋಲ್ ಬಂಕನ್ನೇ ನಂಬಬೇಕು. ಒಬ್ಬರೇ ಹೊರಡುವ ಹೆಣ್ಣುಮಕ್ಕಳು ಇದನ್ನು ಲೆಕ್ಕ ಹಾಕಿಯೇ ನೀರು ಕುಡಿಯಬೇಕಾದ ಸ್ಥಿತಿ ನಾಚಿಕೆಗೇಡು.

ನಾಲ್ಕೇ ಸೆಕೆಂಡು ತೂಕಡಿಸಿದರೆ ಏನಾಗುತ್ತದೆ? 100ರ ವೇಗದಲ್ಲಿ ಕಾರು 110 ಮೀಟರ್ ತಾನಾಗಿ ಹೋಗಿರುತ್ತದೆ. ಬೆಳಗಿನ ಜಾವ ಮತ್ತು ಮಧ್ಯಾಹ್ನ ಊಟದ ನಂತರ ನಿದ್ದೆ ಒತ್ತಿ ಬರುತ್ತದೆ. ದೇಹದ ಗಡಿಯಾರವೇ ಹಾಗೆ. ಹಾಡು ಜೋರು ಮಾಡುವುದು, ಗಾಜು ಇಳಿಸುವುದು ಕೆಲಸಕ್ಕೆ ಬಾರದ ಉಪಾಯಗಳು. ಕಾಫಿ ಕುಡಿದು, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೂಡಲೇ ಹದಿನೈದಿಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಮೈಗೆ ಹತ್ತಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತದೆ.

ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳು ಸುಮಾರು ಶೇ 2 ಮಾತ್ರ. ವಾಹನ ಸಂಚಾರದ ಶೇ 40ರಷ್ಟನ್ನು ಅವೇ ಹೊರುತ್ತವೆ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವರು ಸತ್ತದ್ದೂ ಅವುಗಳ ಮೇಲೇ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಹೆಸರು, ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ, ಕಾನೂನೇ ರಕ್ಷಣೆ ಕೊಟ್ಟಿದೆ. ತೀವ್ರ ಗಾಯಗೊಂಡವರನ್ನು ಹೊತ್ತಿಗೆ ಸರಿಯಾಗಿ ಸೇರಿಸಿದವರಿಗೆ ಕೇಂದ್ರ ಕೊಡುವ ಬಹುಮಾನ 2025ರಲ್ಲಿ 5,000ದಿಂದ 25,000 ರೂಪಾಯಿಗೆ ಏರಿದೆ. ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಯ ಯೋಜನೆಯೂ ಅದೇ ವರ್ಷ ಜಾರಿಗೆ ಬಂತು. ಆದ್ದರಿಂದ ನಿಲ್ಲಿಸದೆ ಮುಂದೆ ಹೋಗಲು ಈಗ ನೆಪವಿಲ್ಲ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತ ಕಂಡರೆ ಕರೆ ಮಾಡಬೇಕಾದ ಸಂಖ್ಯೆ 1033. ದಿನದ 24 ಗಂಟೆಯೂ ಲಭ್ಯ. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಕರೆ ಮಾಡುವಾಗ ಹೆದ್ದಾರಿಯ ಸಂಖ್ಯೆ, ಹತ್ತಿರದ ಕಲ್ಲಿನ ಕಿಲೋಮೀಟರ್, ನೀವು ಯಾವ ಊರಿನ ಕಡೆಗೆ ಹೋಗುತ್ತಿದ್ದಿರಿ, ಈ ಮೂರನ್ನೂ ಹೇಳಿ.