ಗುಂಡು ಆರಿಸುವುದು ಯಾರು?

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ರಿವಾಲ್ವರಿನ ಆರು ಗುಂಡುಗಳಲ್ಲಿ ಮೂರನ್ನು ಗಾಳಿಗೆ ಹಾರಿಸಿ, ಚಕ್ರ ತಿರುಗಿಸಿ, ತನ್ನವರೇ ಮೂವರ ತಲೆಗೆ ಗುರಿ ಹಿಡಿಯುತ್ತಾನೆ. ಕೈಬಂದೂಕಿನ ಬಗ್ಗೆ ಹುಡುಗರಿಗಿರುವ ತಿಳಿವಳಿಕೆ ಬಹುಪಾಲು ಇಂಥ ಸಿನಿಮಾಗಳಿಂದಲೇ ಬಂದದ್ದು. ಆತ್ಮರಕ್ಷಣೆಗೆ ಯಾವ ಗುಂಡು ಉತ್ತಮ ಎಂದು ಅಮೆರಿಕದಲ್ಲಿ ಅಂಗಡಿಯವನನ್ನು ಕೇಳಬಹುದು. ಕನಕಪುರದವರಿಗೋ ಚನ್ನಪಟ್ಟಣದವರಿಗೋ ಅದರ ಉತ್ತರ ಪರವಾನಗಿಯಲ್ಲೇ ಬರೆದಿರುತ್ತದೆ.

ಜನ ಗುಂಡು ಎನ್ನುವುದು ನಿಜವಾಗಿ ತೋಟಾ. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು, ಈ ನಾಲ್ಕೂ ಸೇರಿದರೆ ಒಂದು ತೋಟಾ. ಸೇನೆ, ಪೊಲೀಸರು ಬಳಸುವ 9 ಮಿಲಿಮೀಟರಿನದು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅವನಿಗೆ ಹೆಚ್ಚಾಗಿ ಸಿಗುವುದು .32, ಅಂದರೆ ಅಂಗುಲದ ನೂರು ಪಾಲಿನಲ್ಲಿ 32 ಪಾಲು, ಸುಮಾರು 8 ಮಿಲಿಮೀಟರು ದಪ್ಪದ ಗುಂಡು. ಇಲ್ಲೊಂದು ತೊಡಕಿದೆ. .32 ರಿವಾಲ್ವರಿನ ತೋಟಾ ಉದ್ದ, .32 ಪಿಸ್ತೂಲಿನದು ಗಿಡ್ಡ. ಹೆಸರು ಒಂದೇ ಎಂದು ಒಂದರದ್ದನ್ನು ಇನ್ನೊಂದಕ್ಕೆ ತುಂಬುವಂತಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ ‘ನಿರ್ಭೀಕ್’ ಕೂಡ .32 ರಿವಾಲ್ವರೇ. ಬೆಲೆ ಮಾತ್ರ ಆಗಲೇ ಲಕ್ಷ ರೂಪಾಯಿ ದಾಟಿತ್ತು. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳು ಅದನ್ನು ಕೊಳ್ಳುವುದೆಲ್ಲಿಂದ ಬಂತು?

ಗುಂಡಿನ ಮೂತಿಯದೂ ಒಂದು ಕಥೆಯಿದೆ. ಮೈಗೆ ತಗುಲಿದೊಡನೆ ಅರಳಿ ಅಗಲವಾಗುವ ಗುಂಡನ್ನು ಬ್ರಿಟಿಷರು ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ತಯಾರಿಸಿದರು. ಅದು ಮಾಡುವ ಗಾಯ ಎಷ್ಟು ಘೋರವೆಂದರೆ 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಅದೇ ಜಾತಿಯ ಗುಂಡನ್ನು ಅಮೆರಿಕದ ಪೊಲೀಸರು ಇಂದು ಬೇಕೆಂದೇ ಬಳಸುತ್ತಾರೆ. ಅರಳದ ಗುಂಡು ಒಬ್ಬನ ಮೈ ತೂರಿ ಹಿಂದೆ ನಿಂತವನಿಗೂ ತಗುಲೀತೆಂಬುದು ಅವರ ವಾದ. ಯಾವ ಗುಂಡಾದರೂ ಗುರಿ ತಪ್ಪಿದರೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ತಾಗಬಹುದು.

ಪರವಾನಗಿಯೂ ಸುಲಭದ್ದಲ್ಲ. 21 ವರ್ಷ ತುಂಬಿರಬೇಕು, ಪೊಲೀಸರ ವರದಿ ಬೇಕು, 2016ರ ನಿಯಮಗಳ ಪ್ರಕಾರ ತರಬೇತಿಯೂ ಆಗಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮದುವೆ, ಮೆರವಣಿಗೆಯ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಹಾರಿಸಿದರೆ 2 ವರ್ಷದವರೆಗೆ ಸೆರೆವಾಸ, ಲಕ್ಷ ರೂಪಾಯಿವರೆಗೆ ದಂಡ.

ಆದರೆ ಈ ತಾಲ್ಲೂಕುಗಳಲ್ಲಿ ಹೆದರಿಕೆ ಕಳ್ಳರದ್ದಷ್ಟೇ ಅಲ್ಲ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮನೆಯಲ್ಲಿ ಮಲಗಿದ್ದ ಮೂರು ವರ್ಷದ ಮಗುವನ್ನು ಚಿರತೆ ಹೊತ್ತೊಯ್ದು ಕೊಂದಿತು. ಕನಕಪುರ, ಚನ್ನಪಟ್ಟಣದ ಹೊಲಗಳಿಗೆ ಆನೆಗಳು ಇಳಿಯುತ್ತವೆ. ಮನೆಯಲ್ಲೊಂದು ಬಂದೂಕು ಇರಲೆಂದು ತಂದೆಗೆ ಅನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಬೆಳೆ ಕಾಯಲು ಮದ್ದು ಜಡಿಯುವ ನಾಡಬಂದೂಕಿಗೆ ಪರವಾನಗಿ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕಾಡುಪ್ರಾಣಿಯನ್ನು ಕೊಂದರೆ 1972ರ ವನ್ಯಜೀವಿ ಕಾಯ್ದೆ ಅಪರಾಧವೆನ್ನುವುದಿಲ್ಲ; ರಾಗಿ ತಿಂದ ಆನೆಗೆ ಹೊಡೆದರೆ ಆ ರಿಯಾಯಿತಿ ಇಲ್ಲ. .32 ಗುಂಡು ಆನೆಯನ್ನು ಕೊಲ್ಲುವುದಕ್ಕಿಂತ ಕೆರಳಿಸುವುದೇ ಹೆಚ್ಚು. ಕತ್ತಲಲ್ಲಿ ನಿದ್ದೆಗಣ್ಣಿನಲ್ಲಿ ಎದ್ದವನ ಗುರಿಗೆ ಚಿರತೆ ಸಿಗುವುದೂ ಅಪರೂಪ. ಅಂಥ ಊರಿನಲ್ಲಿ ಭದ್ರವಾದ ಬಾಗಿಲು, ಅಂಗಳದಲ್ಲೊಂದು ದೀಪ, ಅರಣ್ಯ ಇಲಾಖೆಗೆ ತಡಮಾಡದೆ ಸುದ್ದಿ ಮುಟ್ಟಿಸುವುದು, ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪರವಾನಗಿ ಇರುವ ಮನೆಯಲ್ಲಿ ಬಂದೂಕಿಗೊಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ ಇರಬೇಕು. ಎರಡರ ಕೀಲಿಯೂ ಮಕ್ಕಳ ಕೈಗೆ ಸಿಗಬಾರದು. ತೋಟಾಗಳ ಲೆಕ್ಕ ಇಟ್ಟಿರಬೇಕು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುವುದುಂಟು. ಆಗ ಕೊಡುವ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡರೆ ವಾಪಸು ತರುವ ದಿನ ಅಲೆದಾಟ ತಪ್ಪುತ್ತದೆ.